ಜಿ.ಪಿ. ಬ್ಲಾಕ್

ಸೋಮವಾರ ಕಮಿಟಿ ಬರುತ್ತದೆ.
ಪ್ರಿನ್ಸಿಪಾಲರು ಕರೆದು ಹೇಳಿದರು:
'ಲ್ಯಾಬು ಹೇಗೂ ನಿಮ್ಮದೇ, ಆ ಕಟ್ಟಡದ ಬಗ್ಗೆ
ಅರ್ಧ ಪುಟ ಬರೆದುಕೊಡಿ.
ಯಾವಾಗ ಕಟ್ಟಿದ್ದು, ಯಾರ ಹೆಸರು, ಯಾಕೆ.
ಜಾಸ್ತಿ ಬೇಡ. ಫೋಟೋ ಇದ್ದರೆ ಒಳ್ಳೆಯದು.'

ಇಪ್ಪತ್ತಾರು ವರ್ಷ ಅದರೊಳಗೆ ನಿಂತು
ಕಾಂಕ್ರೀಟಿನ ಘನಗಳನ್ನು ಒಡೆದವನು ನಾನು.
ಇಪ್ಪತ್ತೆಂಟನೆಯ ದಿನ ತೊಟ್ಟಿಯಿಂದೆತ್ತಿ
ಒರೆಸಿ, ತೂಗಿ, ಯಂತ್ರದ ದವಡೆಗಿಟ್ಟು
ಮುಳ್ಳು ಏರುವುದನ್ನು ಹುಡುಗರಿಗೆ ತೋರಿಸಿ
ಠಪ್ಪೆಂದಾಗ ಅಂಕಿ ಬರೆಸಿದವನು.
ಗುತ್ಯಪ್ಪ ಬ್ಲಾಕ್ ಎಂದೇ ಕರೆದೆ. ಎಲ್ಲರೂ ಕರೆದರು.
ಸಾಗರ ಪೇಟೆಯ ಆಟೋದವರೂ ಕರೆದರು.
ಗುತ್ಯಪ್ಪ ಯಾರೆಂದು ಯಾರೂ ಕೇಳಲಿಲ್ಲ.
ಬೆಲ್ಲು ಹೊಡೆಯುತ್ತಿತ್ತು, ಕ್ಲಾಸಿಗೆ ಹೋಗಬೇಕಿತ್ತು.

ದಾನಿಗಳ ಪಟ್ಟಿ ಅಮೃತಶಿಲೆಯಲ್ಲಿದೆ:
ಮಂಡಿಯ ಇಬ್ಬರು, ಅಕ್ಕಿ ಗಿರಣಿಯ ಒಬ್ಬರು,
ತೀರಿಹೋದ ಮಗನ ನೆನಪಿಗೆ ಗಡಿಯಾರ ಕೊಟ್ಟ ಡಾಕ್ಟರು.
(ಗಡಿಯಾರ ಈಗಿಲ್ಲ. ಮಗನ ಹೆಸರಿದೆ.)
ಅಡಿಗಲ್ಲಿನ ಮೇಲೆ ಮಂತ್ರಿ, ಎಂಜಿನಿಯರು, ಗುತ್ತಿಗೆದಾರ.
ಗುತ್ತಿಗೆ ಇದೆ, ಗುತ್ಯಪ್ಪನಿಲ್ಲ.

ಸ್ಟೋರಿನ ಅಟ್ಟದಲ್ಲಿ ಸಿಕ್ಕಿತು
ಹಲ್ಲಿಮೊಟ್ಟೆ ಅಂಟಿದ ನೀಲಿ ನಕ್ಷೆ.
ಮೂಲೆಯಲ್ಲಿ, ಒಂದು ಕೂದಲೂ ಬಾಗದ ಅಕ್ಷರ:
ಜಿ.ಪಿ. ಬ್ಲಾಕ್, ಅರವತ್ತೇಳನೇ ಇಸವಿ.
ಜಿ.ಪಿ. ಅಂದರೆ ಜನರಲ್ ಪರ್ಪಸ್.
ಅಂದರೆ, ಎಲ್ಲದಕ್ಕೂ ಆದೀತು.
ಅಂದರೆ, ಯಾವುದಕ್ಕೆಂದು ಇನ್ನೂ ಯೋಚಿಸಿಲ್ಲ.
ಒಬ್ಬನೇ ನಕ್ಕೆ. ಅರ್ಧ ಪುಟ
ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಆದರೂ ಭಾನುವಾರ ಇನಾಸ್ ಮೇಸ್ತ್ರಿಯ ಮನೆಗೆ ಹೋದೆ.
ಎಂಬತ್ತೇಳು. ಎಡಗಿವಿ ಮಾತ್ರ ಕೇಳುತ್ತದೆ.
ಇಗರ್ಜಿಯಿಂದ ಬಂದ ಬಿಳಿ ಅಂಗಿ ಇನ್ನೂ ಬಿಚ್ಚಿರಲಿಲ್ಲ.
'ಗುತ್ಯಪ್ಪನಾ? ನೀರು ಹಾಕುವವ' ಅಂದರು.
ಯಾವ ಗಿಡಕ್ಕೆ?
'ಗಿಡಕ್ಕಲ್ಲ ಮಾರಾಯ, ನಿನ್ನ ತಲೆ ಮೇಲುಂಟಲ್ಲ, ಆ ಸ್ಲ್ಯಾಬಿಗೆ.'

ಏಪ್ರಿಲ್ಲಿನ ಬಿಸಿಲು. ಬಾವಿಯ ತಳ ಕಂಡಿತ್ತು.
ಮೂರು ದಿನ ನೆನೆಸಿ ಗುತ್ತಿಗೆದಾರ
ಸಾಕು ಎಂದು ಪಂಪು ಕಿತ್ತುಕೊಂಡು ಹೋದ.
ಸಾಲದು ಅಂದವನು ಇವನೊಬ್ಬ.
ಗಣಪತಿ ಕೆರೆಯಿಂದ ಎರಡು ಎಣ್ಣೆಡಬ್ಬ, ಹೆಗಲಿಗೆ ಅಡ್ಡೆ,
ಬಿದಿರೇಣಿ ಹತ್ತಿ ಗೋಣಿತಾಟು ತೋಯಿಸಿ
ಹಗಲು ಕೂಲಿಗೆ,
ರಾತ್ರಿ ಸುಮ್ಮನೆ.
'ಯಾಕೋ ಅಂದರೆ, ಅದು ಕೂಸಿನ ಹಾಗೆ ಒಡೆಯಾ,
ನಡುರಾತ್ರಿಯೂ ಬಾಯಾರುತ್ತೆ ಅನ್ನುತ್ತಿದ್ದ.
ಇಪ್ಪತ್ತೊಂದು ದಿನ. ನಾವೆಲ್ಲ ನಕ್ಕದ್ದೇ ನಕ್ಕದ್ದು.'
ಮೊದಲ ಬ್ಯಾಚಿನ ಹುಡುಗರು ಬೋರ್ಡಿನ ಜಿ.ಪಿ. ನೋಡಿ
'ಹೋ, ಗುತ್ಯಪ್ಪ!' ಅಂದರಂತೆ.
ನಗು ಒಣಗಿತು. ಹೆಸರು ಗಟ್ಟಿಯಾಯಿತು.

ಎಲ್ಲಿಯವನು ಅಂತ ಕೇಳಿದೆ.
ಮೇಸ್ತ್ರಿ ಹಿನ್ನೀರಿನ ದಿಕ್ಕಿಗೆ ಗಲ್ಲ ಎತ್ತಿದರು.
'ಅವನ ಗದ್ದೆಯ ಮೇಲೆ ಆಮೇಲೆ ಲಾಂಚು ಹೋಗುತ್ತಿತ್ತು.'
ಅದನ್ನು ಬರೆದುಕೊಳ್ಳಲಿಲ್ಲ.
ಪೆನ್ನು ಕೈಯಲ್ಲೇ ಇತ್ತು.

ಸಂಜೆ ಲ್ಯಾಬಿಗೆ ಬಂದು ಬೀಗ ತೆಗೆದೆ.
ಗಾಳಿಗೆ ಬಾಗಿಲು ಬಡಿಯದಂತೆ ಇಟ್ಟ ಹಳೆಯ ಘನವೊಂದಿದೆ,
ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ.
ಮಗುಚಿ ನೋಡಿದೆ. ತಳದಲ್ಲಿ ಮೊಳೆಯ ಗೀರು.
'ಗು' ಇರಬಹುದು.
ಬರೀ ಗೀರೂ ಇರಬಹುದು.
ದವಡೆಗಿಟ್ಟರೆ ಎಷ್ಟು ತಾಳುತ್ತದೆಂದು ಗೊತ್ತಾಗುತ್ತದೆ,
ಆದರೆ ಒಡೆದ ಮೇಲೆ.
ಮತ್ತೆ ಬಾಗಿಲಿಗೇ ಇಟ್ಟೆ.

ಬರೆದುಕೊಟ್ಟದ್ದು ಅರ್ಧ ಪುಟವೂ ಆಗಲಿಲ್ಲ.
ಹೆಸರು: ಗುತ್ಯಪ್ಪ. ಕಾರಣ: ನೀರು ಹಾಕಿದ್ದು.
ಫೋಟೋ ಅಂತಿದ್ದ ಚೌಕದಲ್ಲಿ
ಸ್ಲ್ಯಾಬಿನ ಅಡಿಭಾಗವನ್ನೇ ತೆಗೆದು ಅಂಟಿಸಿದೆ.

ಕಮಿಟಿಯವರು ಕನ್ನಡಕ ಏರಿಸಿದರು, ಇಳಿಸಿದರು.
'ಇವರು ಎಮ್ಮೆಲ್ಲೆ ಆಗಿದ್ದರಾ?'
ಇಲ್ಲ ಸರ್.
'ಈ ಫೋಟೋದಲ್ಲಿ ಏನೂ ಇಲ್ಲವಲ್ಲ ಮತ್ತೆ?'
ಇಲ್ಲ ಸರ್, ಅಂದೆ.
ಸೋರಿಲ್ಲ.